ಅಸಲು ಯಾವುದು, ಆದಾಯ ಯಾವುದು? ಸೇಡಂ–ಶಹಾಬಾದ್ ಸೀಮೆಯ ಲೆಕ್ಕದಲ್ಲಿ ಮಿತ ಮತ್ತು ಸ್ವಾವಲಂಬನೆ

ವಾಡಿ ಜಂಕ್ಷನ್ನಿನ ಮೇಲ್ಸೇತುವೆಯ ಮೇಲೆ ಒಂದು ಗಂಟೆ ನಿಂತವರಿಗೆ ಈ ಸೀಮೆಯ ವಾಣಿಜ್ಯದ ಅರ್ಧ ಲೆಕ್ಕ ಕಣ್ಣಿಗೆ ಬೀಳುತ್ತದೆ. ಸಿಮೆಂಟ್ ಮತ್ತು ಕ್ಲಿಂಕರ್ ತುಂಬಿದ ವ್ಯಾಗನ್ನುಗಳು ಹೊರಕ್ಕೆ ಹೋಗುತ್ತವೆ. ಕಲ್ಲಿದ್ದಲಿನ ವ್ಯಾಗನ್ನುಗಳು ಒಳಕ್ಕೆ ಬರುತ್ತವೆ. ರಸ್ತೆಗಳಲ್ಲಿ ಶಹಾಬಾದ್ ಫರಸಿ ಹೇರಿದ ಲಾರಿಗಳು ಮಹಾರಾಷ್ಟ್ರದತ್ತ ಸಾಗುತ್ತವೆ. ಸುಗ್ಗಿಯ ದಿನಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿಂದ ತೊಗರಿ ಚೀಲಗಳು ಕಲಬುರಗಿಯ ಗಂಜಿಗೆ ಬಂದಿಳಿಯುತ್ತವೆ. ಇವೆಲ್ಲವೂ ಹಣ ತರುವ ಸರಕುಗಳೇ. ಎಲ್ಲವನ್ನೂ ಸೇರಿಸಿ ‘ವಹಿವಾಟು’ ಎಂದು ಕರೆಯುವುದು ವಾಡಿಕೆ. ಆದರೆ ಲೆಕ್ಕಪತ್ರಗಳ ಪರಿಚಯವಿರುವ ಯಾವುದೇ ವರ್ತಕನು ಒಂದು ಪ್ರಶ್ನೆಯನ್ನು ಕೇಳದೆ ಬಿಡಲಾರ: ಈ ಜಮೆಯಲ್ಲಿ ಆದಾಯ ಎಷ್ಟು, ಅಸಲು ಕರಗಿ ಬಂದದ್ದು ಎಷ್ಟು?

ಅಂಗಡಿಯ ಸರಕನ್ನು ಮಾರಿದರೆ ಅದು ವ್ಯಾಪಾರ. ಅಂಗಡಿಯ ಕಪಾಟು, ತಕ್ಕಡಿ, ಕೊನೆಗೆ ಬಾಗಿಲನ್ನೂ ಮಾರಿ ಬಂದ ಹಣವನ್ನು ವರ್ಷದ ಲಾಭವೆಂದು ಬರೆದುಕೊಂಡರೆ ಅದನ್ನು ಯಾವ ಲೆಕ್ಕ ಪರಿಶೋಧಕನೂ ಒಪ್ಪಲಾರ. ಬಂಡವಾಳದ ಜಮೆಗೂ ರಾಜಸ್ವದ ಜಮೆಗೂ ಇರುವ ಈ ಭೇದವನ್ನು ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ಕಲಿಸುತ್ತಾರೆ. ಆಶ್ಚರ್ಯವೆಂದರೆ, ಒಂದು ಕಿರಾಣಿ ಅಂಗಡಿಗೆ ಕಡ್ಡಾಯವಾಗಿರುವ ಈ ನಿಯಮವನ್ನು ಒಂದು ತಾಲ್ಲೂಕಿಗೆ, ಒಂದು ಜಿಲ್ಲೆಗೆ, ಒಂದು ರಾಷ್ಟ್ರಕ್ಕೆ ಅನ್ವಯಿಸುವ ಪರಿಪಾಠವೇ ನಮ್ಮಲ್ಲಿ ಬೆಳೆದಿಲ್ಲ.

ಅನ್ವಯಿಸಿ ನೋಡಿದವರಲ್ಲಿ ಪ್ರಮುಖರೊಬ್ಬರು ವೃತ್ತಿಯಿಂದ ಲೆಕ್ಕಪರಿಶೋಧಕರೇ ಆಗಿದ್ದರು ಎಂಬುದನ್ನು ವರ್ತಕ ಬಾಂಧವರು ಗಮನಿಸಬೇಕು. 1892ರಲ್ಲಿ ತಂಜಾವೂರಿನಲ್ಲಿ ಜನಿಸಿದ ಜೆ. ಸಿ. ಕುಮಾರಪ್ಪನವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯ ತರಬೇತಿ ಪಡೆದು ಮುಂಬಯಿಯಲ್ಲಿ ವೃತ್ತಿ ನಡೆಸಿದವರು. ಅನಂತರ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಹಣಕಾಸನ್ನು ಅಭ್ಯಸಿಸಿದವರು. 1929ರಲ್ಲಿ ಗಾಂಧೀಜಿಯವರನ್ನು ಕಂಡ ಮೇಲೆ ಅವರ ಬದುಕಿನ ದಿಕ್ಕು ಬದಲಾಯಿತು. 1934ರ ಕೊನೆಯಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಹೊಣೆಯನ್ನು ಅವರು ವಹಿಸಿಕೊಂಡರು. ಜಬಲ್ಪುರದ ಸೆರೆಮನೆಯಲ್ಲಿದ್ದಾಗ ಬರೆದ, 1945ರಲ್ಲಿ ಪ್ರಕಟವಾದ ಅವರ ಗ್ರಂಥದ ವಿಷಯವೇ ‘ಶಾಶ್ವತತೆಯ ಅರ್ಥವ್ಯವಸ್ಥೆ’. ಅದರಲ್ಲಿ ಅವರು ನಿಸರ್ಗದ ಸಂಪತ್ತನ್ನು ಎರಡಾಗಿ ವಿಂಗಡಿಸುತ್ತಾರೆ. ತೆಗೆದಷ್ಟೂ ಕಡಿಮೆಯಾಗುವ, ಮತ್ತೆ ತುಂಬದ ಸಂಗ್ರಹ ಒಂದು. ಅದಿರು, ಕಲ್ಲಿದ್ದಲು, ಎಣ್ಣೆ ಈ ವರ್ಗಕ್ಕೆ ಸೇರಿದವು. ವರ್ಷವರ್ಷವೂ ಹರಿದು ಬರುವುದು ಇನ್ನೊಂದು. ಮಳೆ, ಬೆಳೆ, ಕಾಡು, ಮನುಷ್ಯನ ದುಡಿಮೆ. ಸಂಗ್ರಹವನ್ನು ನೆಚ್ಚಿದ ಆರ್ಥಿಕತೆಯು ಪೈಪೋಟಿಗೂ ಕಲಹಕ್ಕೂ ಎಳೆಯುತ್ತದೆ, ಹರಿವನ್ನು ನೆಚ್ಚಿದ್ದು ಬಾಳಿಕೆ ಬರುತ್ತದೆ ಎಂಬುದು ಅವರ ವಾದದ ಸಾರ. ಕುಮಾರಪ್ಪನವರ ಎಲ್ಲ ತೀರ್ಮಾನಗಳನ್ನೂ ಇಂದಿನ ಉದ್ದಿಮೆದಾರರು ಒಪ್ಪಬೇಕಾಗಿಲ್ಲ. ದೊಡ್ಡ ಯಂತ್ರಗಳ ಬಗ್ಗೆ ಅವರಿಗಿದ್ದ ಶಂಕೆ ಸ್ವಲ್ಪ ಹೆಚ್ಚೇ ಎನ್ನಬಹುದು. ಆದರೆ ಅವರು ಎಳೆದ ಗೆರೆ ಲೆಕ್ಕಿಗನ ಗೆರೆ. ಅದನ್ನು ಈ ಐದು ಊರುಗಳ ಮೇಲೆ ಇಟ್ಟು ನೋಡುವುದು ಉಪಯುಕ್ತ.

ಸಂಗ್ರಹದ ಖಾತೆಯಿಂದ ಆರಂಭಿಸೋಣ. ಭೀಮಾ ಕೊಳ್ಳದ ಸುಣ್ಣಗಲ್ಲಿನ ಪದರುಗಳು ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿಯ ನೆಲದಡಿಯಲ್ಲಿ ಹರಡಿವೆ. ಕಾಗಿಣಾ ದಂಡೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈ ಕಲ್ಲಿನ ಸೀಮೆಯಲ್ಲಿಯೇ ಇದೆ. ಅಮೋಘವರ್ಷ ನೃಪತುಂಗನ ಕೋಟೆಯ ಅವಶೇಷಗಳ ಬಳಿ ನಿಂತರೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ಸಾವಿರಾರು ವರ್ಷ ಈ ಕಲ್ಲು ಸ್ಥಳೀಯ ಬಳಕೆಯ ವಸ್ತುವಾಗಿತ್ತು. ಅದನ್ನು ದೂರದ ಪೇಟೆಯ ಸರಕಾಗಿ ಮಾಡಿದ್ದು ರೈಲು.

ಆ ರೈಲಿನ ಕಥೆಯೇ ಸ್ವಾವಲಂಬನೆಯ ಒಂದು ಪಾಠ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರಿನ ಮೂಲಕ ಸಿಕಂದರಾಬಾದಿಗೆ ಹೋಗುವ ಮಾರ್ಗ 1874ರಲ್ಲಿ ತೆರೆಯಿತು. ಕೆಲವು ವರ್ಷಗಳ ತರುವಾಯ ಅದು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂಬ ಲಂಡನ್ನಿನ ಕಂಪನಿಯ ವಶಕ್ಕೆ ಹೋಯಿತು. ಹೆಸರಿನಲ್ಲಿರುವ ‘ಗ್ಯಾರಂಟಿ’ ಎಂಬ ಪದವನ್ನು ವರ್ತಕರು ಗಮನವಿಟ್ಟು ಓದಬೇಕು. ಬಂಡವಾಳ ಹೂಡಿದವರಿಗೆ ನಿಶ್ಚಿತ ಬಡ್ಡಿಯ ಭರವಸೆ. ಗಳಿಕೆ ಸಾಲದೆ ಹೋದರೆ ಅದನ್ನು ತುಂಬಿಕೊಡುವ ಹೊಣೆ ಸಂಸ್ಥಾನದ ಬೊಕ್ಕಸದ್ದು. ಲಾಭ ಹೊರಗಿನವರಿಗೆ, ನಷ್ಟದ ಭೀತಿ ಒಳಗಿನವರಿಗೆ. 1930ರಲ್ಲಿ ಸಂಸ್ಥಾನ ಹಣ ಕೊಟ್ಟು ಆ ರೈಲನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹಾಗೆಂದು ರೈಲೇ ಬೇಡವಾಗಿತ್ತು ಎಂದು ಹೇಳುವವರಿಲ್ಲ. ರೈಲು ಬರದಿದ್ದರೆ ಶಹಾಬಾದಿನ ಹೆಸರು ಮುಂಬಯಿ, ಪುಣೆಯ ಮನೆಗಳ ನೆಲಹಾಸಿನವರೆಗೆ ಹೋಗುತ್ತಿರಲಿಲ್ಲ. ಹೊರಗಿನ ಹಣ ಬರುವುದರಲ್ಲಿ ದೋಷವಿಲ್ಲ. ಯಾವ ಶರತ್ತಿನ ಮೇಲೆ ಬರುತ್ತದೆ ಎಂಬುದರಲ್ಲಿ ಎಲ್ಲವೂ ಅಡಗಿದೆ.

ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲಿಯೇ ಸಿಮೆಂಟ್ ತಯಾರಾಗುತ್ತಿತ್ತು. 1936ರಲ್ಲಿ ಹಲವು ಕಂಪನಿಗಳು ಕೂಡಿ ರೂಪುಗೊಂಡ ಎ.ಸಿ.ಸಿ. ಬಳಗದಲ್ಲಿ ಆ ಕಾರ್ಖಾನೆಯೂ ಇತ್ತು. 1968ರಲ್ಲಿ ವಾಡಿಯ ಕಾರ್ಖಾನೆ ಬಂದಿತು. 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ ಕಾರ್ಖಾನೆಗಳು ಆರಂಭವಾದವು. ಈ ಕಾಲಾನುಕ್ರಮ ಆಕಸ್ಮಿಕವಲ್ಲ. 1982ರವರೆಗೆ ಸಿಮೆಂಟಿನ ಬೆಲೆ ಮತ್ತು ಹಂಚಿಕೆ ಸಂಪೂರ್ಣ ಸರ್ಕಾರದ ನಿಯಂತ್ರಣದಲ್ಲಿತ್ತು. ಮನೆ ಕಟ್ಟುವವನು ಪರ್ಮಿಟ್ಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿದ್ದ ಆ ದಿನಗಳನ್ನು ಹಿರಿಯ ವರ್ತಕರು ಮರೆತಿರಲಾರರು. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ಣವಾಗಿ ತೆರವಾಯಿತು, ಅಭಾವ ಮಾಯವಾಯಿತು. ಸ್ವಾವಲಂಬನೆಯ ಹೆಸರಿನಲ್ಲಿ ಪರ್ಮಿಟ್ ರಾಜ್ಯಕ್ಕೆ ಮರಳಬೇಕೆಂದು ಯಾರಾದರೂ ವಾದಿಸಿದರೆ ಅವರಿಗೆ ಈ ಸೀಮೆಯ ಸಿಮೆಂಟಿನ ಇತಿಹಾಸವೇ ಉತ್ತರ. ಕೊರತೆಯನ್ನು ಮಿತವೆಂದು ಕರೆಯಲಾಗದು.

ಆದರೆ ಅಸಲಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಗಲ್ಲು ಬೇಕು. 2014ರಲ್ಲಿ ಪರಿಷ್ಕೃತವಾದ ದರದಂತೆ ಸಾಮಾನ್ಯ ಸುಣ್ಣಗಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ. ಲೆಕ್ಕ ಸರಳ: ಟನ್ ಕ್ಲಿಂಕರಿಗೆ 120 ರೂಪಾಯಿ, ಅಂದರೆ 50 ಕಿಲೋ ಚೀಲದ ಅಳತೆಯಲ್ಲಿ ಚೀಲಕ್ಕೆ 6 ರೂಪಾಯಿ. ಹಾರುಬೂದಿ ಬೆರೆಸಿದ ಸಿಮೆಂಟಾದರೆ ಇನ್ನೂ ಕಡಿಮೆ. 2015ರ ಗಣಿ ಕಾನೂನು ತಿದ್ದುಪಡಿಯ ನಂತರ ಹಳೆಯ ಗುತ್ತಿಗೆಗಳು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದ ಗುತ್ತಿಗೆಗಳು ಶೇ. 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಹಳೆಯ ಗುತ್ತಿಗೆಯಾದರೆ ಚೀಲಕ್ಕೆ ಇನ್ನು ಒಂದು ರೂಪಾಯಿ 80 ಪೈಸೆ ಸೇರಿತು. ಕೋಟ್ಯಂತರ ವರ್ಷಗಳಲ್ಲಿ ಕೂಡಿದ, ಮತ್ತೆ ಹುಟ್ಟದ ಆಸ್ತಿಗೆ ನೆಲದ ಒಡೆಯನಾದ ಸಮಾಜ ಪಡೆಯುವ ಪ್ರತಿಫಲ ಇದು. ರಾಜಧನವು ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತದಿಂದ ತೀರ್ಪಿತ್ತಿತು. ಉದ್ಯಮ ವಲಯ ಇದನ್ನು ಹೊರೆಯೆಂದು ಕಾಣುವುದು ಸಹಜ. ಆದರೆ ದರ ಎಷ್ಟೆಂಬುದಕ್ಕಿಂತ ಬಂದ ಹಣ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಹಿರಿದು. ಅದನ್ನು ಸಮಾರಂಭ, ಕಮಾನು, ಒಂದೇ ಮಳೆಗೆ ಕಿತ್ತುಹೋಗುವ ರಸ್ತೆಗೆ ಸುರಿದರೆ ಬಿತ್ತನೆಯ ಕಾಳನ್ನು ಕುಟ್ಟಿ ತಿಂದಂತೆ. ಕೆರೆ, ತಾಂತ್ರಿಕ ಶಾಲೆ, ಪಾಲಿಶ್ ಘಟಕಗಳ ಕೆಸರು ಶುದ್ಧೀಕರಣ, ಬೇಳೆಯ ಪರೀಕ್ಷಾಲಯ ಇಂತಹವುಗಳಿಗೆ ಹಾಕಿದರೆ ಒಂದು ರೂಪದ ಆಸ್ತಿ ಇನ್ನೊಂದು ರೂಪದಲ್ಲಿ ಉಳಿಯುತ್ತದೆ.

ಪ್ರಪಂಚದ ಎರಡು ಉದಾಹರಣೆಗಳು ಸಾಕು. ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದ್ವೀಪ 1968ರಲ್ಲಿ ಸ್ವತಂತ್ರವಾಗಿ ರಂಜಕದ ಅದಿರು ಮಾರಿ ಕೆಲವು ಕಾಲ ಭಾರೀ ಶ್ರೀಮಂತಿಕೆ ಕಂಡಿತು. ಅದಿರು ಮುಗಿಯುವ ಹೊತ್ತಿಗೆ ಕೂಡಿಟ್ಟ ನಿಧಿಯೂ ದುಂದುಗಾರಿಕೆಯಲ್ಲಿ ಕರಗಿಹೋಗಿತ್ತು; ಉಳಿದದ್ದು ಅಗೆದು ಬರಡಾದ ನೆಲ. ನಾರ್ವೆ ದೇಶ 1990ರಲ್ಲಿ ಕಾನೂನು ಮಾಡಿ ತೈಲದ ಹಣವನ್ನು ನಿಧಿಯಲ್ಲಿ ತೊಡಗಿಸಿತು. 2001ರಲ್ಲಿ ವರ್ಷಕ್ಕೆ ನಿಧಿಯ ಸರಾಸರಿ ಶೇ. 4ಕ್ಕಿಂತ ಹೆಚ್ಚು ಬಳಸಬಾರದೆಂಬ ಮಿತಿಯನ್ನು ಹಾಕಿಕೊಂಡಿತು. 2017ರಲ್ಲಿ ಅದನ್ನು ಶೇ. 3ಕ್ಕೆ ಇಳಿಸಿತು. ಶ್ರೀಮಂತಿಕೆ ಹೆಚ್ಚಿದಂತೆ ಮಿತಿಯನ್ನು ಬಿಗಿಗೊಳಿಸಿದ ರಾಷ್ಟ್ರ ಅದು.

ಶಹಾಬಾದಿನ ಅನುಭವ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಸಿಮೆಂಟ್ ಕಾರ್ಖಾನೆಯ ಬೆನ್ನಿಗೆ ಬಾಯ್ಲರ್ ಮತ್ತು ಭಾರೀ ಯಂತ್ರ ತಯಾರಿಕೆಯೂ ಅಲ್ಲಿಗೆ ಬಂದಿತ್ತು. ಕಲ್ಲಿನಿಂದ ಸಿಮೆಂಟ್, ಸಿಮೆಂಟಿನಿಂದ ಯಂತ್ರ, ಯಂತ್ರದಿಂದ ನುರಿತ ಬೆಸುಗೆಗಾರರು, ಫಿಟ್ಟರುಗಳು, ಲೇತ್ ಕೆಲಸಗಾರರು. ಅಸಲು ವಿದ್ಯೆಯಾಗಿ ಮಾರ್ಪಡುವುದೆಂದರೆ ಇದೇ. ಮುಂದೆ ಹಳೆಯ ಸಿಮೆಂಟ್ ಕಾರ್ಖಾನೆ ಕೈ ಬದಲಾಗಿ ಕೊನೆಗೆ ನಿಂತುಹೋಯಿತು. ಅದನ್ನೇ ನೆಚ್ಚಿದ್ದ ಅಂಗಡಿ, ಖಾನಾವಳಿ, ಬಿಡಿಭಾಗ ಪೂರೈಕೆದಾರರಿಗೆ ಬಿದ್ದ ಪೆಟ್ಟನ್ನು ಆ ಪಟ್ಟಣದ ವರ್ತಕರಿಗೆ ವಿವರಿಸಬೇಕಾಗಿಲ್ಲ. ಇತ್ತೀಚಿನ ಬೆಳವಣಿಗೆಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 2022ರಲ್ಲಿ ಎ.ಸಿ.ಸಿ.ಯ ಒಡೆತನ ಅದಾನಿ ಸಮೂಹಕ್ಕೆ ಹೋಯಿತು. 2025ರಲ್ಲಿ ಸೇಡಂನ ವಾಸವದತ್ತಾ ಕಾರ್ಖಾನೆಯನ್ನೊಳಗೊಂಡ ಕೇಸೋರಾಮ್ ಸಿಮೆಂಟ್ ವ್ಯವಹಾರ ಅಲ್ಟ್ರಾಟೆಕ್‌ನಲ್ಲಿ ವಿಲೀನವಾಯಿತು. ಚಿತ್ತಾಪುರ ತಾಲ್ಲೂಕಿನಲ್ಲಿ ಕಾರ್ಖಾನೆ ಹೊಂದಿರುವ ಓರಿಯಂಟ್ ಸಿಮೆಂಟಿನ ನಿಯಂತ್ರಣ ಅದೇ ವರ್ಷ ಅಂಬುಜಾದ ಕೈಸೇರಿತು. ಇವು ಕಾನೂನುಬದ್ಧ ವ್ಯವಹಾರಗಳು, ಇದರಲ್ಲಿ ದೂರುವಂತಹದ್ದೇನೂ ಇಲ್ಲ. ಆದರೆ ಯಾವ ಪೂರೈಕೆದಾರನಿಂದ ಗೋಣಿಚೀಲ, ಬೋಲ್ಟು, ಲಾರಿ ಬಾಡಿಗೆ ಪಡೆಯಬೇಕೆಂಬ ತೀರ್ಮಾನ ಇಂದು ಎಷ್ಟು ದೂರದಲ್ಲಿ ಆಗುತ್ತದೆ ಎಂಬುದನ್ನು ಸ್ಥಳೀಯ ಸಣ್ಣ ಉದ್ದಿಮೆದಾರ ಅರಿತಿರಬೇಕು. ತನ್ನ ಮಾರಾಟದಲ್ಲಿ ಒಬ್ಬನೇ ಗ್ರಾಹಕನ ಪಾಲು ಎಷ್ಟಿರಬೇಕು ಎಂಬುದಕ್ಕೆ ತಾನೇ ಒಂದು ಗೆರೆ ಹಾಕಿಕೊಳ್ಳುವುದು ಸಣ್ಣ ಘಟಕದ ಸ್ವಾವಲಂಬನೆಯ ಮೊದಲ ಮೆಟ್ಟಿಲು.

ಫರಸಿಯ ಪಾಲಿಶ್ ಘಟಕಗಳ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಪದರು ಪದರಾಗಿ ಹಾರೆಗೆ ಒಗ್ಗಿ ಏಳುವ ಈ ಕಲ್ಲಿಗೆ ಗುಜರಾತಿನ ಮೋರ್ಬಿಯ ವಿಟ್ರಿಫೈಡ್ ಟೈಲ್ಸ್ ದೊಡ್ಡ ಪೈಪೋಟಿಯಾಯಿತು. ಬೆಲೆ ಇಳಿಸಿ, ಇನ್ನಷ್ಟು ಅಗೆದು, ಇನ್ನಷ್ಟು ಲಾರಿ ತುಂಬಿ ಪೈಪೋಟಿಗೆ ನಿಂತವರು ಅಸಲನ್ನು ಅಗ್ಗವಾಗಿ ಮಾರಿದಂತಾಯಿತು. ಹೊರಾಂಗಣದ ಹಾಸು, ಕಾಲುದಾರಿ, ಮೆಟ್ಟಿಲು, ಒರಟು ಮೇಲ್ಮೈಯ ಅಲಂಕಾರಿಕ ಕಲ್ಲು ಮುಂತಾದ, ಟೈಲ್ಸ್ ಸುಲಭವಾಗಿ ಪ್ರವೇಶಿಸಲಾರದ ಪೇಟೆಯನ್ನು ಹುಡುಕುವ ದಾರಿ ಬೇರೆ. ಕಡಿಮೆ ಕಲ್ಲು, ಹೆಚ್ಚು ಕೆಲಸ, ಹೆಚ್ಚು ಬೆಲೆ ಎಂಬುದು ಅಲ್ಲಿನ ಸೂತ್ರ.

ಇನ್ನು ಹರಿವಿನ ಖಾತೆ, ಅಂದರೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ಸುಣ್ಣಾಂಶವುಳ್ಳ ಈ ಕಪ್ಪು ಮಣ್ಣಿಗೂ ಬೇಳೆಯ ರುಚಿಗೂ ಇರುವ ನಂಟನ್ನು ಗೃಹಿಣಿಯರು ಮೊದಲೇ ಬಲ್ಲರು. ಮಳೆಯಾಶ್ರಯದಲ್ಲಿ ಬೆಳೆಯುವ ತೊಗರಿ ಆಳಕ್ಕೆ ಬೇರು ಬಿಟ್ಟು, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸಿ, ಎಲೆ ಉದುರಿಸಿ ನೆಲಕ್ಕೆ ಮರುಪಾವತಿ ಮಾಡುತ್ತದೆ. ಗಿರಣಿಯಲ್ಲಿ ಬೇಳೆಯಾದ ಮೇಲೆ ಉಳಿದ ಹೊಟ್ಟು, ಚುನ್ನಿ ದನಗಳಿಗೆ ಹೋಗುತ್ತವೆ. ಕಟ್ಟಿಗೆ ಒಲೆಗೆ ಹೋಗುತ್ತದೆ. ಕುಮಾರಪ್ಪನವರು ಹರಿವಿನ ಆರ್ಥಿಕತೆಗೆ ಉದಾಹರಣೆ ಕೇಳಿದ್ದರೆ ಇದಕ್ಕಿಂತ ಉತ್ತಮವಾದದ್ದು ಸಿಗುತ್ತಿರಲಿಲ್ಲ. ಆದರೂ ಹರಿವಿಗೂ ಮಿತಿಯುಂಟು. ಬೆಳೆ ಬದಲಾಯಿಸದೆ ವರ್ಷವರ್ಷವೂ ಅದೇ ಹೊಲದಲ್ಲಿ ತೊಗರಿಯನ್ನೇ ಬಿತ್ತಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಮನೆ ಮಾಡುತ್ತದೆ. ಜೋಳ, ಹೆಸರು, ಎಳ್ಳಿನೊಂದಿಗೆ ಸರದಿ ಮಾಡುತ್ತಿದ್ದ ಹಿರಿಯರ ಪದ್ಧತಿಯಲ್ಲಿ ಲೆಕ್ಕವಿತ್ತು.

ತೊಗರಿಯ ಪೇಟೆಯ ವಿಷಯ ಬೇರೆ. 2015ರಲ್ಲಿ ಚಿಲ್ಲರೆ ಅಂಗಡಿಗಳಲ್ಲಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಗಿತ್ತು. ದೇಶಕ್ಕೆ ಬೇಕಾದಷ್ಟು ಬೆಳೆಯಲಿಲ್ಲವೆಂದು ಸರ್ಕಾರ ಮರುವರ್ಷ ಮೊಜಾಂಬಿಕ್ ದೇಶದೊಡನೆ ಖರೀದಿಯ ಒಪ್ಪಂದ ಮಾಡಿಕೊಂಡಿತು. ಏರಿದ ಬೆಲೆ ಕಂಡು ರೈತರು ಹೆಚ್ಚು ಬಿತ್ತಿದರು, ಮಳೆಯೂ ಒಲಿಯಿತು. 2016-17ರ ಸುಗ್ಗಿಯಲ್ಲಿ ಬೋನಸ್ ಸೇರಿ ಕ್ವಿಂಟಾಲಿಗೆ 5,050 ರೂಪಾಯಿಯಿದ್ದ ಬೆಂಬಲ ಬೆಲೆಗಿಂತ ಕೆಳಕ್ಕೆ ಪೇಟೆ ಕುಸಿಯಿತು. 2017ರಲ್ಲಿ ಆಮದಿಗೆ ಮಿತಿ ಹಾಕಿ, ತೊಗರಿ ಬೇಳೆಯ ರಫ್ತಿನ ಮೇಲಿದ್ದ ನಿಷೇಧವನ್ನು ತೆಗೆದರು. 2021ರಿಂದ ಆಮದು ಮತ್ತೆ ಮುಕ್ತವಾಯಿತು. 2023ರ ಜೂನ್‌ನಲ್ಲಿ ವರ್ತಕರ ದಾಸ್ತಾನಿನ ಮೇಲೆ ಮಿತಿ ಬಂದಿತು. ಒಂದು ದಶಕದಲ್ಲಿ ಇಷ್ಟು ತಿರುವುಗಳು. 2025ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಅದೇ ವರ್ಷ ಅಕ್ಟೋಬರಿನಲ್ಲಿ 11,440 ಕೋಟಿ ರೂಪಾಯಿಗಳೊಂದಿಗೆ ಮಂಜೂರಾದ ದ್ವಿದಳ ಧಾನ್ಯ ಸ್ವಾವಲಂಬನೆ ಮಿಷನ್ 2030-31ರ ಹೊತ್ತಿಗೆ 350 ಲಕ್ಷ ಟನ್ ಉತ್ಪಾದನೆಯ ಗುರಿಯಿಟ್ಟುಕೊಂಡಿದೆ. ಗುರಿ ಸ್ವಾಗತಾರ್ಹ. ಆದರೆ ಬೆಲೆ ಏರಿದಾಗ ಬಂದರು ತೆರೆದು, ಇಳಿದಾಗ ರೈತನನ್ನು ಮರೆಯುವ ಪರಿಪಾಠ ನಿಲ್ಲದೆ ಯಾವ ಮಿಷನ್ನೂ ಸ್ವಾವಲಂಬನೆ ತಾರದು. ಆಮದಿನ ಸುಂಕವನ್ನು ಬಿತ್ತನೆಗೆ ಮುನ್ನವೇ ಪ್ರಕಟಿಸಿ ಸುಗ್ಗಿ ಮುಗಿಯುವವರೆಗೆ ಬದಲಾಯಿಸದೆ ಇಡುವುದು ಹಣ ಖರ್ಚಿಲ್ಲದ ಸುಧಾರಣೆ.

ಸರ್ಕಾರದ ನೀತಿ ದಾಲ್ ಮಿಲ್ ಮಾಲೀಕನ ಕೈಯಲ್ಲಿಲ್ಲ. ಅವನ ಸಾಲ ಅವನ ಕೈಯಲ್ಲಿದೆ. ಒಂದು ಕೋಟಿ ರೂಪಾಯಿಯ ತೊಗರಿ ಕೊಂಡ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನದು ಸ್ವಂತ 20 ಲಕ್ಷ, ಬ್ಯಾಂಕಿನದು 80 ಲಕ್ಷ. ಇನ್ನೊಬ್ಬನದು 50, 50. ಆರು ತಿಂಗಳಲ್ಲಿ ಬೆಲೆ ಶೇ. 20ರಷ್ಟು ಇಳಿಯಿತು, ಬಡ್ಡಿ ವರ್ಷಕ್ಕೆ ಶೇ. 10. ಮೊದಲಿನವನ 20 ಲಕ್ಷವೂ ಹೋಗಿ ಬಡ್ಡಿಯ 4 ಲಕ್ಷ ಮೇಲೆ ಬಾಕಿ ನಿಂತಿತು. ಎರಡನೆಯವನಲ್ಲಿ ಬಡ್ಡಿ ಕಳೆದು ಇನ್ನೂ 27 ಲಕ್ಷ 50 ಸಾವಿರ ಉಳಿಯಿತು. ಮುಂದಿನ ಸುಗ್ಗಿಗೆ ಅವನು ಗಂಜಿನಲ್ಲಿ ಇರುತ್ತಾನೆ. ಬೆಲೆ ಏರಿದಾಗ ಮೊದಲಿನವನ ಲಾಭದ ಪ್ರಮಾಣ ಹೆಚ್ಚೆಂಬುದು ನಿಜ, ಆ ಆಸೆಗೇ ಹೆಚ್ಚಿನವರು ಬಲಿಯಾಗುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಅಂಕಿಗಳ ಆಧಾರವಿದೆ.

ಈ ನಾಡಿನ ನೆನಪಿನಲ್ಲಿ ಇದಕ್ಕೊಂದು ಹಳೆಯ ಪ್ರಸಂಗವೂ ಉಂಟು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಈ ಹೆಚ್ಚಿನದು ಎಲ್ಲಿಯದೆಂದು ಕೇಳಿ, ಇಂದಿಗೆ ಬೇಕಾದ್ದಕ್ಕಿಂತ ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳಿಸಿದಳು. ಇದನ್ನು ಬಡತನದ ಹೊಗಳಿಕೆಯೆಂದು ಓದುವವರಿದ್ದಾರೆ. ಅದು ಸರಿಯಲ್ಲ. ಅವರ ಮನೆಯಲ್ಲಿ ದಾಸೋಹ ನಡೆಯುತ್ತಿತ್ತು. ಕೊಡುವ ಕೈ ಅವರದು. ಲಕ್ಕಮ್ಮ ಕೇಳಿದ್ದು ಲೆಕ್ಕ ಪರಿಶೋಧಕನ ಪ್ರಶ್ನೆ: ಈ ಜಮೆ ಯಾವ ಖಾತೆಯದು?

ಮಿತವನ್ನು ಪ್ರತಿಪಾದಿಸಿದರೆ ಬೆಳವಣಿಗೆಯ ವಿರೋಧಿ ಎನಿಸಿಕೊಳ್ಳುವ ಕಾಲವಿದು. ಕಲ್ಯಾಣ ಕರ್ನಾಟಕದಂತಹ ಹಿಂದುಳಿದ ಪ್ರದೇಶಕ್ಕೆ ಈ ಮಾತು ಹೇಳುವುದು ಅನ್ಯಾಯವೆಂಬ ಆಕ್ಷೇಪದಲ್ಲಿ ಹುರುಳಿದೆ. ಈ ಪ್ರದೇಶದ ಕೊರತೆಯನ್ನು ಸಂವಿಧಾನವೇ 2012ರ 98ನೇ ತಿದ್ದುಪಡಿಯ ಮೂಲಕ, 371 ಜೆ ವಿಧಿಯಲ್ಲಿ ಒಪ್ಪಿಕೊಂಡಿದೆ. ಹಸಿದವನಿಗೆ ಮಿತಾಹಾರದ ಉಪದೇಶ ಸಲ್ಲದು. ಆದರೆ ಇಲ್ಲಿ ಕೇಳುತ್ತಿರುವುದು ಕಡಿಮೆ ಉಣ್ಣೆಂದಲ್ಲ, ಬಿತ್ತನೆಯ ಕಾಳಿಗೆ ಕೈ ಹಾಕಬೇಡವೆಂದು. ಚಿಂಚೋಳಿಯನ್ನೇ ನೋಡಬಹುದು. ಅಲ್ಲಿ 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಕಾಡಿದೆ, ಚಂದ್ರಂಪಳ್ಳಿಯ ಜಲಾಶಯವಿದೆ, ಮುಲ್ಲಾಮಾರಿ ಹೊಳೆಯಿದೆ. ಸುಣ್ಣಗಲ್ಲೂ ಇದೆ, ಸಿಮೆಂಟ್ ಕಾರ್ಖಾನೆಗಳೂ ಇವೆ. ಮುಲ್ಲಾಮಾರಿ ಕಾಗಿಣೆಯನ್ನು ಕೂಡುತ್ತದೆ, ಕಾಗಿಣೆ ಸೇಡಂ, ಚಿತ್ತಾಪುರಗಳ ನೆಲವನ್ನು ದಾಟಿ ಶಹಾಬಾದಿನ ಬಳಿ ಭೀಮೆಯನ್ನು ಸೇರುತ್ತದೆ. ಮೇಲಿನ ಕಾಡಿನ ಖಾತೆಯಲ್ಲಿ ಆದ ಖರ್ಚು ಕೆಳಗಿನ ಊರಿನ ನೀರಿನ ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಐದು ಊರುಗಳಿಗೂ ಒಂದೇ ಅಢಾವೆ ಪತ್ರಿಕೆ ಬೇಕೆನ್ನುವುದು ಈ ಕಾರಣಕ್ಕೆ.

ಅಂತಹ ಪತ್ರಿಕೆ ತಯಾರಿಸುವುದು ಅಸಾಧ್ಯವೇನಲ್ಲ. 1929-30ರಲ್ಲಿ ಕುಮಾರಪ್ಪನವರು ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ ಅಲ್ಲಿನ ಕುಟುಂಬಗಳ ಆದಾಯ, ವೆಚ್ಚ, ಸಾಲಗಳ ಲೆಕ್ಕವನ್ನು ಬರೆದರು. ಸೇಡಂ, ಚಿತ್ತಾಪುರದ ಕಾಲೇಜುಗಳಲ್ಲಿ ಇಂದು ವಾಣಿಜ್ಯ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ವಾಣಿಜ್ಯ ಸಂಘಗಳು ಮುಂದಾದರೆ ಒಂದು ಬೇಸಿಗೆ ರಜೆಯ ಕೆಲಸ. ಎಡಬದಿಯಲ್ಲಿ ಆ ವರ್ಷ ನೆಲದಿಂದ ಎದ್ದ ಸುಣ್ಣಗಲ್ಲಿನ ಟನ್ನುಗಳು, ಕೊಳವೆಬಾವಿಗಳಲ್ಲಿ ಇಳಿದ ನೀರಿನ ಅಡಿಗಳು, ಊರು ಬಿಟ್ಟು ಪುಣೆ, ಹೈದರಾಬಾದಿಗೆ ದುಡಿಯಲು ಹೋದವರ ಸಂಖ್ಯೆ. ಬಲಬದಿಯಲ್ಲಿ ಅದೇ ವರ್ಷ ರಾಜಧನದಿಂದ ಹೂಳೆತ್ತಿದ ಕೆರೆಗಳು, ಐ.ಟಿ.ಐ. ಮುಗಿಸಿ ಇಲ್ಲಿಯೇ ಕೆಲಸ ಹಿಡಿದವರು, ಇಲ್ಲಿಯೇ ಬೇಳೆಯಾದ ತೊಗರಿಯ ಕ್ವಿಂಟಾಲುಗಳು, ಮಣ್ಣು ತುಂಬಿ ಮತ್ತೆ ಹೊಲವಾದ ಫರಸಿ ಗಣಿಯ ಎಕರೆಗಳು.